ಒಂದು ಟನ್ನಿನೊಳಗಿನ ಮನೆ

ಒಂದು ಮನೆ ಎಷ್ಟು ಕಿಲೋ ತೂಗುತ್ತದೆ ಎಂದು ಯಾರಾದರೂ ನಿಮ್ಮನ್ನು ಕೇಳಿದ್ದಾರೆಯೇ? ನನ್ನನ್ನು ಕೇಳಿದರು. ಗದಗಿನ ಅಂಚೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಪಾರ್ಸೆಲ್ ತೂಗಿದವಳು ನಾನು. ಉಪ್ಪಿನಕಾಯಿ ಭರಣಿ, ಗಂಡನ ಮನೆಗೆ ಹೊರಟ ಕುಬುಸದ ಗಂಟು, ಮಿಲಿಟರಿಯಲ್ಲಿದ್ದ ಮಗನಿಗೆ ಶೇಂಗಾ ಹೋಳಿಗೆ, ಎಲ್ಲ ತೂಗಿದ್ದೇನೆ. ಮನೆಯೊಂದನ್ನು ತೂಗಿರಲಿಲ್ಲ. ಅದಕ್ಕಾಗಿ ಕುವೈತಿಗೇ ಹೋಗಬೇಕಾಯಿತು.

ಹೋಗಿದ್ದು ಬೇರೆ ಉದ್ದೇಶಕ್ಕೆ. ಒಂದು ತಿಂಗಳ ರಜೆ, ತಂಗಿಯ ಮನೆ, ಸಮುದ್ರ, ನೀರು ತುಂಬಿದ ಆ ದೊಡ್ಡ ಗೋಪುರಗಳು. ಗೋಪುರಗಳನ್ನು ಕಾರಿನ ಕಿಟಕಿಯಿಂದ ಒಮ್ಮೆ ನೋಡಿದೆ. ಉಳಿದ ದಿನಗಳಲ್ಲಿ ನಾನು ನೋಡಿದ್ದು ಟ್ರೇಲರ್‌ಗಳನ್ನು.

ಅಬು ಹಲೀಫಾ, ನಾಲ್ಕನೆಯ ಮಹಡಿ

ತಂಗಿ ಗಿರಿಜಾಳ ಮನೆ ಅಬು ಹಲೀಫಾದಲ್ಲಿ, ಸಮುದ್ರದಿಂದ ಎರಡು ಬೀದಿ ಒಳಗೆ. ಬಾಗಿಲು ತೆರೆದರೆ ಎದುರಿಗೇ ರಟ್ಟಿನ ಡಬ್ಬಿಗಳ ಗೋಡೆ. ನನ್ನ ಸೂಟ್‌ಕೇಸ್ ಇಡಲೂ ಜಾಗವಿರಲಿಲ್ಲ.

“ಅಕ್ಕಾ, ನಿನಗ ಫೋನಿನ್ಯಾಗ ಹೇಳಲಿಲ್ಲ, ಹೇಳಿದ್ರ ನೀ ಬರತಿದ್ದಿಲ್ಲ,” ಎಂದಳು ಗಿರಿಜಾ. “ನಾವು ಜುಬೈಲಿಗೆ ಹೊಂಟೇವಿ.”

ಅವಳ ಗಂಡ ಶಿವಾನಂದ ಎಣ್ಣೆ ಕಂಪನಿಯ ಸ್ಥಾವರದಲ್ಲಿ ಮಾಪಕಗಳ ತಂತ್ರಜ್ಞ. ಒತ್ತಡದ ಮುಳ್ಳು ಸರಿಯಾಗಿ ತೋರಿಸುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಅವನ ಕೆಲಸ. ಗಡಿಯಾಚೆ ಸೌದಿಯ ಜುಬೈಲಿನಲ್ಲಿ ಇನ್ನೂ ಒಳ್ಳೆಯ ನೌಕರಿ ಸಿಕ್ಕಿತ್ತು. ಅಲ್ಲಿ ವಾರ ಶುರುವಾಗುವುದು ಶನಿವಾರ. ಎರಡು ವಾರದ ನಂತರದ ಶನಿವಾರ ಬೆಳಿಗ್ಗೆ ಅವನು ಅಲ್ಲಿ ಹಾಜರಾಗಬೇಕಿತ್ತು. ಅವರಿಬ್ಬರದು, ಮಗಳು ಸುಮಾಳದು ವೀಸಾ ಬಂದಿತ್ತು. ನನ್ನದು ಕುವೈತಿನ ಅತಿಥಿ ವೀಸಾ. ನಾನು ಗಡಿಯವರೆಗೆ ಹೋಗಿ ಕೈ ಬೀಸಬಹುದಿತ್ತು, ಅಷ್ಟೇ.

ಇಲ್ಲಿಂದ ಹೋಗುವವರೆಲ್ಲ ಸಾಮಾನನ್ನು ಇಲ್ಲೇ ಮಾರಿ ಹೋಗುತ್ತಾರೆ. ಶುಕ್ರವಾರದ ಸಂತೆಗೆ ಮಂಚ ಹೊತ್ತು ಹೋದರೆ ಸಂಜೆಗೆ ಬರಿಗೈಯಲ್ಲಿ ಬರಬಹುದು. ಶಿವಾನಂದನ ವಾದವೂ ಅದೇ. “ಸಾಮಾನಿನ ಕಿಮ್ಮತ್ತಿಗಿಂತ ಸಾಗಸೂದು ಹೆಚ್ಚಾಗತೈತಿ ಅಕ್ಕಾರ. ಮೂಗಿಗಿಂತ ಮೂಗುತಿ ಭಾರ,” ಎಂದ. ನಾನು ಹೌದೆಂದು ತಲೆಯಾಡಿಸಿದೆ.

“ಒಂದು ಚಮಚಾನೂ ಬಿಡಂಗಿಲ್ಲ,” ಎಂದಳು ಗಿರಿಜಾ.

ಇದಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ಇರಾಕಿನ ಸೈನ್ಯ ಬಂದಾಗ ಅವಳು ಎರಡು ವರ್ಷದ ಸುಮಾಳನ್ನು ಎತ್ತಿಕೊಂಡು, ಒಂದು ಕೈಚೀಲ ಹಿಡಿದು ಈ ದೇಶ ಬಿಟ್ಟಿದ್ದಳು. ಬಸ್ಸು, ಮರುಭೂಮಿ, ಡೇರೆ, ವಿಮಾನ, ರೈಲು. ಗದಗಿನ ಸ್ಟೇಶನ್ನಿನಲ್ಲಿ ಇಳಿದಾಗ ಅವಳ ಕಾಲಲ್ಲಿದ್ದುದು ಯಾರದೋ ಗಂಡಸಿನ ಚಪ್ಪಲಿ. ಮದುವೆಯಾದಾಗಿನಿಂದ ಕೂಡಿಸಿದ್ದೆಲ್ಲ ಹೋಯಿತು ಎಂದು ಅವಳು ಅಳುತ್ತಿದ್ದಾಗ ನಾನು, “ಜೀವ ಉಳೀತಲ್ಲ, ಸಾಮಾನಿಂದೇನು?” ಎಂದಿದ್ದೆ. ಬುದ್ಧಿವಂತಿಕೆಯ ಮಾತೆಂದೇ ತಿಳಿದಿದ್ದೆ. ಎರಡು ವರ್ಷದ ಮೇಲೆ ಅವರು ಮರಳಿ ಬಂದು ನೋಡಿದರೆ ಹಳೆಯ ಫ್ಲಾಟಿನಲ್ಲಿ ಸ್ವಿಚ್ಚಿನ ಬೋರ್ಡು ಕೂಡ ಇರಲಿಲ್ಲವಂತೆ. ಈಗಿರುವ ಮನೆ ಅವಳು ಎರಡನೆಯ ಸಲ ಕೂಡಿಸಿದ್ದು.

ರಾಯ್

ಮರುದಿನವೇ ನಾವು ಮೂವರೂ ರಾಯ್‌ಗೆ ಹೋದೆವು. ಸೋಫಾದ ಮಳಿಗೆ, ಟೈರಿನ ಅಂಗಡಿ, ವೆಲ್ಡಿಂಗಿನ ಶೆಡ್ಡು ಎಲ್ಲ ಒತ್ತಿಕೊಂಡಿರುವ ಜಾಗ ಅದು. ಹುಬ್ಬಳ್ಳಿಯ ಗೋಕುಲ ರೋಡಿಗೆ ಧೂಳಿನ ಬದಲು ಮರಳು ಹಾಕಿದರೆ ಹಾಗಿರುತ್ತದೆ. ನಾನು ಇನ್ನೂ ಬಾಯಿ ತೆರೆದು ನೋಡುವ ಹಂತದಲ್ಲಿದ್ದೆ. ರೊಟ್ಟಿ ಅಂಗಡಿಯ ಕಿಂಡಿಯಿಂದ ಒಬ್ಬ ಗಂಡಸು ಬಿಸಿ ಬಿಸಿ ಖುಬ್ಬುಸ್ ಹತ್ತನ್ನು ಯಾವ ಚೀಲವೂ ಇಲ್ಲದೆ ಮುಂಗೈ ಮೇಲೆ ಟವೆಲಿನಂತೆ ಹಾಕಿಕೊಂಡು ನಡೆದ. ಒಂದು ಕೆಳಗೆ ಬಿತ್ತು. ಅದನ್ನೆತ್ತಿ, ಹಣೆಗೊತ್ತಿ, ಯಾರೂ ತುಳಿಯದಂತೆ ಗೋಡೆಯ ಮೇಲಿಟ್ಟ. ನಮ್ಮವ್ವ ಬಿದ್ದ ರೊಟ್ಟಿಗೆ ಮಾಡುತ್ತಿದ್ದುದೂ ಇದನ್ನೇ. ಆ ಮನುಷ್ಯನ ಮೇಲೆ ನನಗೆ ಅಲ್ಲೇ ಪ್ರೀತಿ ಹುಟ್ಟಿತು.

ಮೊದಲು ಹೋದದ್ದು ಸಾಗಾಣಿಕೆಯವರ ಆಫೀಸಿಗೆ. ಎ.ಸಿ., ಗಾಜಿನ ಮೇಜು, ಕಹಿ ಕಾಫಿ. ಇಡೀ ಲಾರಿ ಮಾಡಿದರೆ ಇಷ್ಟು ಎಂದರು. ಶಿವಾನಂದ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಇನ್ನೊಬ್ಬರ ಸಾಮಾನಿನ ಜೊತೆ ಹಂಚಿಕೊಂಡರೆ ಕಡಿಮೆ ಎಂದರು. ಅಗ್ಗವೇ. ಆದರೆ ಸಾಮಾನು ಮೊದಲು ಗೋದಾಮಿಗೆ ಹೋಗಿ, ಲಾರಿ ತುಂಬಿದ ಮೇಲೆ ಹೊರಡುತ್ತದೆ, ವಾರವೋ ಎರಡು ವಾರವೋ.

“ಅಲ್ಲೀತನಕ ನನ್ನ ಸಾಮಾನು ಎಲ್ಲಿರತೈತಿ?” ಎಂದಳು ಗಿರಿಜಾ.

“ಗೋದಾಮಿನ್ಯಾಗ,” ಎಂದ ಶಿವಾನಂದ.

“ನನ್ನ ಕಣ್ಣಿಗೆ ಕಾಣಂಗಿಲ್ಲ ಅಲ್ಲ? ಬ್ಯಾಡ.”

ಆಗಲೇ ನನಗೆ ತಿಳಿದದ್ದು, ಶಿವಾನಂದ ದಿನಾರಿನಲ್ಲಿ ತೂಗುತ್ತಿದ್ದರೆ ಇವಳು ಬೇರೆಯೇ ತಕ್ಕಡಿ ಹಿಡಿದಿದ್ದಾಳೆ ಎಂದು. ಹೊರಡುವುದರಿಂದ ಮುಟ್ಟುವವರೆಗೆ ಸಾಮಾನು ಅವಳ ಕಣ್ಣೆದುರಿಗಿರಬೇಕು.

ಕೊನೆಗೆ ಟ್ರೇಲರ್‌ಗಳ ಅಂಗಳಕ್ಕೆ ಬಂದೆವು. ಅಲ್ಲಿ ಜಾತ್ರೆಯ ಗದ್ದಲ. ಚಳಿಗಾಲದ ಮೂರು ತಿಂಗಳು ಕುವೈತಿಗಳು ಮರುಭೂಮಿಯಲ್ಲಿ ಡೇರೆ ಹಾಕುತ್ತಾರೆ. ಅರಮನೆಯಂಥ ಮನೆಯಿದ್ದವರು ಜಮಖಾನೆ, ಜನರೇಟರ್, ಟಿ.ವಿ., ಅಡುಗೆಯವನು ಎಲ್ಲವನ್ನೂ ಎಳೆದುಕೊಂಡು ಹೋಗಿ ಮರಳಲ್ಲಿ ಕೂರುತ್ತಾರೆ. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಉಂಡು ಬರುತ್ತೇವಲ್ಲ, ಅದೇ. ನಮ್ಮದು ಒಂದು ದಿನ, ಇವರದು ಮೂರು ತಿಂಗಳು.

ಸರದಾರ್ ಖಾನ್ ಸಿಕ್ಕಿದ್ದು ಅಲ್ಲೇ. ಪೇಶಾವರದ ಪಠಾಣ, ಮೆಹಂದಿ ಹಚ್ಚಿದ ಗಡ್ಡ. ಪಿಕಪ್ ಗಾಡಿಗೆ ಇಲ್ಲಿ ನಮ್ಮವರು ಹಾಫ್ ಲಾರಿ ಎನ್ನುತ್ತಾರೆ. ಅವನ ಹಾಫ್ ಲಾರಿ ಟ್ರೇಲರ್ ಎಳೆದುಕೊಂಡು ಸೌದಿಗೆ ಹೋಗಿಬಂದು ಮಾಡುತ್ತಿತ್ತು. ಶುಕ್ರವಾರ ಜುಬೈಲಿನ ದಾರಿಯಲ್ಲಿರುವ ಖಫ್ಜಿಗೆ ಯಾರದೋ ಪಂಪು ಒಯ್ಯುವುದಿತ್ತು, ಅದು ಗಾಡಿಯ ಬೆನ್ನ ಮೇಲೆ. ಹಿಂದೆ ಟ್ರೇಲರ್ ಕಟ್ಟಿದರೆ ನಮ್ಮ ಸಾಮಾನು ಅದರಲ್ಲಿ, ಜುಬೈಲಿನವರೆಗೆ. ನಾವು ನಮ್ಮ ಕಾರಿನಲ್ಲಿ ಹಿಂದೆಯೇ ಹೋಗಬಹುದು. ಗಿರಿಜಾಳ ಮುಖ ಅರಳಿತು.

“ವಜನ್ ಕಿತ್ನಾ ಹೈ?” ಎಂದ ಖಾನ್.

ತನ್ನ ಮನೆಯ ತೂಕ ಯಾರಿಗೆ ಗೊತ್ತಿರುತ್ತದೆ? ಖಾನ್ ಚಪ್ಪಲಿಯಿಂದ ಎರಡು ಗಾಲಿಯ ಟ್ರೇಲರ್‌ನ ಟೈರಿಗೆ ಒದ್ದು, ಒಂದು ಟನ್ನಿನವರೆಗೆ ಇದು ಎಂದ. ಅದಕ್ಕಿಂತ ಒಂದು ಕಿಲೋ ಹೆಚ್ಚಾದರೂ ಆ ನಾಲ್ಕು ಗಾಲಿಯದು ಬೇಕು. ಅದನ್ನು ಎಳೆಯಲು ಹಾಫ್ ಲಾರಿ ಸಾಲದು, ದೊಡ್ಡ ಗಾಡಿ ಬೇಕು, ಬಾಡಿಗೆ ಹತ್ತಿರ ಹತ್ತಿರ ಎರಡು ಪಟ್ಟು. ಅಷ್ಟಾದರೆ ನಮ್ಮ ಕೈಗೆ ಎಟುಕುವುದಿಲ್ಲ ಎಂದು ಶಿವಾನಂದ ಕನ್ನಡದಲ್ಲಿ ಪಿಸುಗುಟ್ಟಿದ.

ಹಿಂದಿರುಗುವಾಗ ಗಿರಿಜಾ ಮತ್ತೆ ಮಂಕಾದಳು. “ಶುಕ್ರವಾರ ಅಂದ್ನಲ್ಲ ಆ ಖಾನ,” ಎಂದಳು. ಇರಾಕಿನವರು ಬಂದಾಗಲೂ ಅವಳು ಮನೆ ಬಿಟ್ಟಿದ್ದು ಶುಕ್ರವಾರ. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಎಂಬ ನಮ್ಮವ್ವನ ಮಾತು ಅವಳ ತಲೆಯಲ್ಲಿ ಮೊಳೆಯಂತೆ ಕೂತಿತ್ತು. ಇಡೀ ಕುವೈತಿಗೆ ರಜೆ ಇರುವುದು ಶುಕ್ರವಾರ, ಎಲ್ಲರೂ ಮನೆ ಬದಲಿಸುವುದೂ ಅವತ್ತೇ. ಇವಳಿಗೆ ಮಾತ್ರ ಆ ದಿನ ಆಗದು.

ಮಂಗಳವಾರ, ತೂಕ

ತೂಕದ ವಿಧಾನ ಶಿವಾನಂದನದು. ಮನೆಯಲ್ಲಿ ಮನುಷ್ಯರು ನಿಂತು ತೂಕ ನೋಡಿಕೊಳ್ಳುವ ಒಂದು ತೂಕದ ಯಂತ್ರವಿತ್ತು. ಒಬ್ಬರು ಸಾಮಾನು ಹಿಡಿದು ಅದರ ಮೇಲೆ ನಿಲ್ಲುವುದು, ಬಂದ ತೂಕದಲ್ಲಿ ಆ ಮನುಷ್ಯರ ತೂಕ ಕಳೆಯುವುದು. ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಮಂಚಗಳಂಥ ಎತ್ತಲಾಗದವುಗಳ ತೂಕವನ್ನು ಅವುಗಳ ಚೀಟಿ ನೋಡಿಯೋ ಅಂದಾಜಿನಿಂದಲೋ ಬರೆದುಕೊಳ್ಳುವುದು.

“ಹಿಡಕೊಂಡು ನಿಂದರವರು ಯಾರು?” ಎಂದೆ.

“ನನಗ ಬೆನ್ನು ನೋವು. ಮತ್ತ ಮುಳ್ಳು ಓದೂದು ಟೆಕ್ನಿಕಲ್ ಕೆಲಸ,” ಎಂದ ಶಿವಾನಂದ, ಬಹಳ ವಿನಯದಿಂದ. “ಗಿರಿಜಾ ಡಬ್ಬಿ ಕಟ್ಟಬೇಕು. ನೀವು ಪೋಸ್ಟಿನವರು ಅಕ್ಕಾರ, ನಿಮಗ ತೂಕದ ರೂಢಿ ಐತಿ.”

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ನಿಂತೆ. ಬೆಳಿಗ್ಗೆ ಎದ್ದ ಕೂಡಲೇ, ಚಹಕ್ಕೂ ಮೊದಲು, ಅವನು ನನ್ನ ತೂಕ ನೋಡಿದ. ಅರವತ್ತೊಂದು. ಲೆಕ್ಕದ ಪುಸ್ತಕದ ಮೊದಲ ಸಾಲಿನಲ್ಲಿ ‘ಅಕ್ಕ – ೬೧’ ಎಂದು ಬರೆದು ಕೆಳಗೆ ಗೆರೆ ಹೊಡೆದ. ಐವತ್ತು ವರ್ಷ ಗುಟ್ಟಾಗಿಟ್ಟದ್ದನ್ನು ಹನ್ನೊಂದು ವರ್ಷದ ಸುಮಾ ಗಟ್ಟಿಯಾಗಿ ಓದಿದಳು. “ವೆರಿ ನಾರ್ಮಲ್ ಫಾರ್ ಯುವರ್ ಏಜ್, ದೊಡ್ಡಮ್ಮ,” ಎಂದೂ ಸೇರಿಸಿದಳು.

ನಾಷ್ಟಾ ಆದ ಮೇಲೆ ಕೆಲಸ ಶುರುವಾಯಿತು. ಫೆಬ್ರವರಿಯ ಗಾಳಿ ಸಮುದ್ರದಿಂದ ನೇರ ಒಳಗೆ ಬರುತ್ತಿತ್ತು. ಡಬ್ಬಿಗಳ ಸಲುವಾಗಿ ಬಾಲ್ಕನಿಯ ಬಾಗಿಲು ತೆಗೆದೇ ಇಡಬೇಕು. ಕುವೈತ್ ಎಂದರೆ ಬಿಸಿಲು ಎಂದು ನಂಬಿ ಸ್ವೆಟರ್ ತರದ ನಾನು ನಡುಗುವುದನ್ನು ನೋಡಿ ಶಿವಾನಂದ ಕಂಪನಿ ಕೊಟ್ಟ ತನ್ನ ದಪ್ಪ ಜಾಕೆಟ್ ಹೊದಿಸಿದ. ಸೀರೆಯ ಮೇಲೆ ಮಂಡಿಯವರೆಗೆ ಇಳಿದ ಜಾಕೆಟ್. ಹಾಗೇ ಇಡೀ ದಿನ ನಿಂತೆ. ಮಿಕ್ಸರ್. ಹಿತ್ತಾಳೆ ಕೊಡ. ಕೌದಿಯ ಗಂಟು. ಜೋಳದ ಹಿಟ್ಟಿನ ಡಬ್ಬಿ. ಸುಮಾಳ ಪುಸ್ತಕ ಐದು ಕಂತಿನಲ್ಲಿ. ಕಬ್ಬಿಣದ ಹಂಚು. ಹತ್ತುವುದು, ಇಳಿಯುವುದು. ಶಿವಾನಂದ ನೆಲದ ಮೇಲೆ ಮೊಣಕಾಲೂರಿ, ನನ್ನ ಸೀರೆಯ ನೆರಿಗೆ ಸರಿಸಿಕೊಳ್ಳಲು ಹೇಳಿ, ಮುಳ್ಳು ಓದುತ್ತಿದ್ದ. ನಡುವೆ ಗಿರಿಜಾಳ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸಂಜೆಗೆ ಎಂಬತ್ತು ಸಲ ಹತ್ತಿ ಇಳಿದಿದ್ದೆ.

ಕಾಲು ನೋಯುತ್ತಿದ್ದರೂ ನನಗದು ಬೇಸರವಾಗಲಿಲ್ಲ ಎಂಬುದೇ ಆಶ್ಚರ್ಯ. ಬೇರೊಬ್ಬರ ಮನೆಯ ಎಲ್ಲ ವಸ್ತುವನ್ನೂ ಎದೆಗಪ್ಪಿ ಎತ್ತುವ ಅವಕಾಶ ಯಾರಿಗೆ ಸಿಗುತ್ತದೆ? ಒಂದೊಂದನ್ನೂ ಎತ್ತುವಾಗ ಗಿರಿಜಾ ಅದನ್ನು ಎಲ್ಲಿ ಕೊಂಡಳು, ಯಾವ ವರ್ಷ, ಏನು ಬಿಟ್ಟು ಇದನ್ನು ಕೊಂಡಳು ಎಂದು ಹೇಳುತ್ತಿದ್ದಳು. ಇಷ್ಟು ವರ್ಷದ ಕಾಗದಗಳಲ್ಲಿ ಅವಳು ಇದನ್ನೆಲ್ಲ ಬರೆದಿರಲಿಲ್ಲ.

ಬುಧವಾರ, ಜಗಳ ಮತ್ತು ಜಾಕೆಟ್

ಮೊತ್ತ ಒಂದು ಸಾವಿರದ ನೂರಾ ಮೂವತ್ತು ಕಿಲೋ ಬಂತು.

“ನೂರಾ ಮೂವತ್ತು ಕಿಲೋ ತಗೀಬೇಕು,” ಎಂದ ಶಿವಾನಂದ. “ಕಬ್ಬಿಣದ ಕಪಾಟು ಒಂದು. ಹಿತ್ತಾಳಿ ಭಾಂಡೆ ಎಲ್ಲಾ. ಕೌದಿ.”

ಗಿರಿಜಾ ಕೈಯಲ್ಲಿದ್ದ ಟೇಪು ಕೆಳಗಿಟ್ಟಳು. “ನನ್ನ ಸಾಮಾನs ಯಾಕ? ನಿಮ್ಮ ಹತಾರದ ಪೆಟ್ಟಿಗಿ ಯಾಕ ಅಲ್ಲ?”

ನಾನು ಸುಮ್ಮನಿರಬೇಕಿತ್ತು. ಹಿರಿಯಕ್ಕನ ಬಾಯಿ ಸುಮ್ಮನಿರುತ್ತದೆಯೇ? “ಹೋಗಲಿ ಬಿಡವಾ ಗಿರಿಜಾ, ಬರೀ ಸಾಮಾನು,” ಎಂದುಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು. “ಅವತ್ತೂ ನೀ ಹಂಗs ಅಂದಿದ್ದಿ ಅಕ್ಕಾ. ಸಾಮಾನಿಂದೇನು ಅಂತ. ನಿನಗೇನು ಗೊತ್ತು? ನಿನ್ನ ಮನಿ ಬಾಗಲಾ ನೀ ಹಾಕ್ತಿ, ನೀನs ತಗೀತಿ. ನಾ ಒಲಿ ಮ್ಯಾಲೆ ಸಾರಿಟ್ಟು ಬಂದಾಕಿ. ಯಾರು ಉಂಡ್ರೋ ಗೊತ್ತಿಲ್ಲ.” ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ನನಗೆ ನಾಚಿಕೆಯಾಯಿತು. ಒಂಬತ್ತು ವರ್ಷ ಅವಳ ಎದೆಯಲ್ಲಿ ಆ ಮಾತು ಉಳಿದಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಸ್ಟೇಶನ್ನಿನಲ್ಲಿ ಅಳುತ್ತಿದ್ದವಳಿಗೆ ಒಂದು ಲೋಟ ನೀರು ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮನೆಯಲ್ಲಿ ಕೂರಲಾಗದೆ ಖುಬ್ಬುಸ್ ತರುತ್ತೇನೆಂದು ಜಾಕೆಟ್ ಏರಿಸಿ ಹೊರಟೆ. ಮೆಟ್ಟಿಲು ಇಳಿಯುವಾಗ ಜೇಬಿನೊಳಗಿಂದ ಏನೋ ತೊಡೆಗೆ ಟಕ್ಕನೆ ಬಡಿಯಿತು. ಕೈ ಹಾಕಿದರೆ ನಟ್ಟು ಬಿಗಿಯುವ ಒಂದು ಪಾನಾ. ಇನ್ನೊಂದು ಜೇಬಿನಲ್ಲಿ ಉದ್ದನೆಯ ಟಾರ್ಚು. ಎರಡನೆಯ ಮಹಡಿಯಲ್ಲೇ ನಿಂತುಬಿಟ್ಟೆ. ಪೋಸ್ಟಿನಲ್ಲಿ ನನಗೆ ಮೊದಲ ದಿನ ಕಲಿಸಿದ ಪಾಠ, ಏನನ್ನೂ ಇಡುವ ಮೊದಲು ಖಾಲಿ ತಕ್ಕಡಿಯ ಮುಳ್ಳು ನೋಡು ಎಂಬುದು.

ಓಡಿ ಮೇಲೆ ಬಂದು ಯಂತ್ರದ ಮೇಲೆ ನಿಂತೆ. ಅರವತ್ಮೂರು. ಜಾಕೆಟ್ ತೆಗೆದು ನಿಂತೆ. ಅರವತ್ತೊಂದು.

“ಶಿವಾನಂದ, ನಿನ್ನಿ ನೀ ನನ್ನ ತೂಕ ನೋಡಿದ್ದು ಯಾವಾಗ?”

“ಮುಂಜಾನೆ.”

“ಜಾಕೆಟ್ ಹಾಕ್ಕೊಂಡಿದ್ದು?”

ಅವನು ಲೆಕ್ಕದ ಪುಸ್ತಕ ಎತ್ತಿಕೊಂಡ. ಪ್ರತಿ ಸಾಮಾನಿಗೂ ಎರಡು ಕಿಲೋ ಜಾಕೆಟ್ ಸೇರಿತ್ತು. ಎಂಬತ್ತು ಸಲ. ನೂರಾ ಅರವತ್ತು ಕಿಲೋ! ಮನೆ ತೂಗುತ್ತಿದ್ದುದು ಒಂಬೈನೂರ ಎಪ್ಪತ್ತೇ. ಹದಿನೈದು ವರ್ಷ ಬೇರೆಯವರ ಮುಳ್ಳು ತಿದ್ದಿದ ಮನುಷ್ಯ ನನ್ನನ್ನು ತಿದ್ದಲು ಮರೆತಿದ್ದ. “ಅಕ್ಕಾರ, ಇದನ್ನ ನಮ್ಮ ಪ್ಲಾಂಟಿನವರಿಗೆ ಹೇಳಬ್ಯಾಡ್ರಿ,” ಎಂದ.

ಒಳಗಿನಿಂದ ಗಿರಿಜಾ ಬಂದಳು. ಪುಸ್ತಕ ಕಸಿದುಕೊಂಡು ತಾನೇ ಮತ್ತೆ ಲೆಕ್ಕ ಹಾಕಿದಳು. ಆಮೇಲೆ ನಕ್ಕಳು. “ನೀ ಉಂಡ ರೊಟ್ಟೀನೂ ಕಳದ್ರ ಇನ್ನೂ ಕಡಿಮಿ ಆಗತೈತಿ ಅಕ್ಕಾ,” ಎಂದಳು. ಅಷ್ಟರಿಂದಲೇ ನನಗೆ ಕ್ಷಮೆ ಸಿಕ್ಕಿತು ಎಂದುಕೊಂಡೆ. ಪೂರ್ತಿ ಸಿಕ್ಕಿರಲಿಲ್ಲ.

ಗುರುವಾರ, ಎದುರು ಮನೆ

ಉಳಿದದ್ದು ಶುಕ್ರವಾರದ ಕಗ್ಗಂಟು. ಅದಕ್ಕೆ ನಮ್ಮ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ಹೊರಡುವ ದಿನ ಒಳ್ಳೆಯದಲ್ಲವಾದರೆ ಅದಕ್ಕೂ ಮೊದಲು ಒಳ್ಳೆಯ ದಿನ ನೋಡಿ ಪ್ರಯಾಣದ ಗಂಟೊಂದನ್ನು ಬೇರೆಯವರ ಮನೆಯಲ್ಲಿಟ್ಟು ಬರುವುದು. ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಹೊಸ್ತಿಲು ದಾಟಿತೆಂದರೆ ನೀವೂ ಹೊರಟಂತೆ. ಮರುದಿನ ಹೋಗುತ್ತ ಅದನ್ನು ಎತ್ತಿಕೊಂಡರಾಯಿತು. ದೇವರಿಗೂ ಪಂಚಾಂಗಕ್ಕೂ ನಡುವೆ ಇಂಥ ಹೊಂದಾಣಿಕೆ ಮಾಡಿಕೊಟ್ಟವನು ಖಂಡಿತ ಸರಕಾರಿ ನೌಕರಿಯಲ್ಲಿದ್ದಿರಬೇಕು.

ಎದುರಿನ ಫ್ಲಾಟಿನವರು ಬಂಟ್ವಾಳದ ಕಡೆಯ ಬ್ಯಾರಿಗಳು. ಹಮೀದ್ ಭಾಯಿಗೆ ಫಾಹಾಹೀಲ್‌ನಲ್ಲಿ ಬಟ್ಟೆ ಅಂಗಡಿ. ಅವರ ಹೆಂಡತಿ ನಫೀಸಾ ಗಿರಿಜಾಳಿಗೆ ಏಳು ವರ್ಷದ ಗೆಳತಿ. ಅಕ್ಕಿ, ಅರಿಸಿನ ಕೊಂಬು, ಹೊಸ ಕುಬುಸ ಕಟ್ಟಿದ ಗಂಟು ಹಿಡಿದು ನಾವಿಬ್ಬರೂ ಹೋದೆವು. ವಿಷಯ ಹೇಳಲು ನನಗೆ ಸಂಕೋಚ.

“ಇದರಲ್ಲಿ ಎಂತ ಉಂಟು ಅಕ್ಕ ನಾಚಿಕೆ?” ಎಂದರು ನಫೀಸಾ. “ನಮ್ಮ ಅಜ್ಜಿಗೂ ಬುಧವಾರ ಆಗ್ತಿರಲಿಲ್ಲ. ಎಲ್ಲಿ ಇಡ್ಬೇಕು ಹೇಳಿ. ಕಪಾಟಿನ ಮೇಲೆ? ಮಕ್ಕಳ ಕೈಗೆ ಸಿಗ್ಬಾರ್ದು ಅಲ್ವಾ?”

ಹಮೀದ್ ಭಾಯಿ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಪಾಟಿನ ಮೇಲೆ ಇಟ್ಟರು. “ನೀವು ಹೊರಟಾಯ್ತು ಗಿರಿಜಕ್ಕ. ಇನ್ನು ನಾಳೆ ಬರೇ ಗಾಡಿ ಹೋಗುದು,” ಎಂದರು. ನನ್ನನ್ನು ಗಡಿಯವರೆಗೆ ಕರೆದೊಯ್ದು ಮರಳಿ ತಂದುಬಿಡುವ ಜವಾಬ್ದಾರಿಯನ್ನೂ ತಾವೇ ಹೊತ್ತರು. “ಅಕ್ಕ ವಾಪಾಸ್ ಬಂದು ನಮ್ಮ ಮನೆಯಲ್ಲೇ ಇರ್ಲಿ, ವಿಮಾನದ ದಿನದವರೆಗೆ. ನೀರುದೋಸೆ ತಿಂದು ಒಂದೆರಡು ಕಿಲೋ ಏರ್ಲಿ ಮಾರಾಯ್ರೆ.” ನನ್ನ ತೂಕದ ಸುದ್ದಿ ಎದುರು ಮನೆಗೂ ಮುಟ್ಟಿತ್ತು.

ಗಿರಿಜಾ ಬಾಗಿಲಲ್ಲಿ ನಿಂತು ಆ ಗಂಟನ್ನೇ ಸ್ವಲ್ಪ ಹೊತ್ತು ನೋಡಿದಳು. ಆ ರಾತ್ರಿ ಅವಳು ಗೊರಕೆ ಹೊಡೆದು ನಿದ್ದೆ ಮಾಡಿದಳು.

ಶುಕ್ರವಾರ, ದಕ್ಷಿಣಕ್ಕೆ

ಟ್ರೇಲರ್‌ಗೆ ಸಾಮಾನು ತುಂಬಿದ್ದು ಶಿವಾನಂದ. ಯಾರನ್ನೂ ಮುಟ್ಟಗೊಡಲಿಲ್ಲ. ಮೂರು ತಾಸು, ಒಂದು ಬೆರಳು ಜಾಗವೂ ವ್ಯರ್ಥವಾಗದಂತೆ. ಖಾನ್ ಗಡ್ಡ ನೀವುತ್ತ ನೋಡಿ ಮೆಚ್ಚಿದ. ಜುಮ್ಮಾ ನಮಾಜು ಮುಗಿಸಿಯೇ ಹೊರಡುವುದೆಂದ. ಮಸೀದಿ ತುಂಬಿ ಜನ ಬೀದಿಯಲ್ಲೂ ಚಾಪೆ ಹಾಸಿದ್ದರು. ತಳ್ಳುಗಾಡಿಯ ಐಸ್‌ಕ್ರೀಮಿನವನು ಕೂಡ ಗಾಡಿ ಅಲ್ಲೇ ಬಿಟ್ಟು ಸಾಲಿನಲ್ಲಿ ನಿಂತ. ಕಾಲು ತಾಸು ಆ ಗಾಡಿಗೆ ಯಾರ ಕಾವಲೂ ಇರಲಿಲ್ಲ.

ಗಿರಿಜಾ ಎದುರು ಮನೆಯಿಂದ ಗಂಟು ಎತ್ತಿಕೊಂಡಳು, ಹೊರಟೆವು. ಮುಂದೆ ಹಾಫ್ ಲಾರಿ, ಅದರ ಬಾಲಕ್ಕೆ ಟ್ರೇಲರ್, ಹಿಂದೆ ಶಿವಾನಂದನ ಕಾರು, ಅದರ ಹಿಂದೆ ಹಮೀದ್ ಭಾಯಿಯ ಕಾರಿನಲ್ಲಿ ನಾನು. ಎಡಕ್ಕೆ ಆಗೊಮ್ಮೆ ಈಗೊಮ್ಮೆ ಸಮುದ್ರ, ಬಲಕ್ಕೆ ಮರಳು, ಮರಳಿನ ತುಂಬ ಬಿಳಿ ಡೇರೆಗಳು. ಟ್ರೇಲರ್ ಗಾಳಿಗೆ ತೂಗಾಡುತ್ತಿದ್ದುದರಿಂದ ಖಾನ್ ಎತ್ತಿನ ಬಂಡಿಯ ಗತಿಯಲ್ಲಿ ಹೋಗುತ್ತಿದ್ದ. ಎಲ್ಲರೂ ಹಾರ್ನ್ ಹೊಡೆದು ನಮ್ಮನ್ನು ದಾಟಿದರು. ಮುಂದಿನ ಕಾರಿನಲ್ಲಿ ಗಿರಿಜಾಳ ತಲೆ ಕಾಣುತ್ತಿತ್ತು. ಅದು ಒಮ್ಮೆಯೂ ಅತ್ತಿತ್ತ ತಿರುಗಲಿಲ್ಲ.

“ನೀವೂ ಆ ಯುದ್ಧದಾಗ ಹೋಗಿದ್ದಿರಾ?” ಎಂದು ಹಮೀದ್ ಭಾಯಿಯನ್ನು ಕೇಳಿದೆ.

“ಹೋದದ್ದು. ಅಂಗಡಿಗೆ ಬೀಗ ಹಾಕಿ ಹೋದದ್ದು. ಬರುವಾಗ ಬೀಗ ಹಾಗೇ ಉಂಟು, ಅಂಗಡಿ ಇಲ್ಲ,” ಎಂದರು. ನಗುತ್ತಲೇ ಹೇಳಿದರು.

ನುವೈಸೀಬ್

ಗಡಿಯ ಅಧಿಕಾರಿ ವಯಸ್ಸಾದ, ಮರ್ಯಾದಸ್ಥ ಮನುಷ್ಯ. ನಾವು ಬರೆದಿದ್ದ ತೂಕದ ಪಟ್ಟಿ ನೋಡಿದ, ಟ್ರೇಲರ್ ನೋಡಿದ, ಎಲ್ಲ ಇಳಿಸಿ ಎಂದ. ಹೊರಹೋಗುವ ಸಾಮಾನೆಲ್ಲ ತಪಾಸಣೆಯಾಗಬೇಕಂತೆ. ಶಿವಾನಂದ ತಲೆಗೆ ಕೈ ಹೊತ್ತ. ನಾಲ್ವರು ಬಂಗಾಳಿ ಹಮಾಲರು ಬಂದು ಹಗ್ಗ ಬಿಚ್ಚಿದರು.

ಅರ್ಧ ತಾಸಿನಲ್ಲಿ ಮನೆಯೆಲ್ಲ ಬಯಲಿಗೆ ಬಂತು. ಮಂಚ, ಫ್ರಿಜ್ಜು, ಕಪಾಟು, ಹಂಚು, ಊಟದ ಮೇಜು, ಕೌದಿ ಎಲ್ಲ ಸಿಮೆಂಟಿನ ನೆಲದ ಮೇಲೆ, ಆಕಾಶದ ಕೆಳಗೆ. ಅಧಿಕಾರಿ ಒಂದೊಂದೇ ಡಬ್ಬಿ ತೆರೆಸಿದ. ಒಂದರಲ್ಲಿ ಕಟಕ ರೊಟ್ಟಿಯ ಅಟ್ಟಿ. ಬೆರಳಿನಿಂದ ತಟ್ಟಿದ, ಟಣ್ ಎಂದಿತು. ಇದೇನು, ತಟ್ಟೆಯೇ ಎಂದು ಕೇಳಿದ. ಗಿರಿಜಾ ಒಂದನ್ನು ಮುರಿದು ಕೊಟ್ಟಳು. ಅವನು ತಿಂದು, ಇನ್ನೊಂದು ಚೂರು ತಾನೇ ಮುರಿದುಕೊಂಡ.

ಅವಳು ಪಟ್ಟಿ ಹಿಡಿದು ಸಾಮಾನಿನ ನಡುವೆ ನಡೆಯತೊಡಗಿದಳು. ಒಂದೊಂದನ್ನೂ ಮುಟ್ಟಿ, ಪಟ್ಟಿಯಲ್ಲಿ ಗುರುತು ಹಾಕಿ, ಮುಂದಕ್ಕೆ. ಕುರ್ಚಿಗಳನ್ನು ಹಮಾಲರು ಅತ್ತಿತ್ತ ಇಟ್ಟಿದ್ದರು. ಹೋಗುತ್ತ ಹೋಗುತ್ತ ಅವನ್ನು ಮೇಜಿನ ಸುತ್ತ ಸರಿಯಾಗಿ ಎಳೆದಳು. ಕೊನೆಯ ಗುರುತು ಹಾಕಿ ಒಂದು ಕುರ್ಚಿಯಲ್ಲಿ ಕುಳಿತಳು. “ಎಲ್ಲಾ ಐತಿ ಅಕ್ಕಾ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು, ಒಂಬತ್ತು ವರ್ಷದ ಹಿಂದೆ ಸ್ಟೇಶನ್ನಿನಲ್ಲಿ ನಾನಾಡಿದ್ದು ತಪ್ಪು ಮಾತು ಎಂದು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಮತ್ತೆ ತುಂಬುವಾಗ ತೊಂದರೆ ಶುರುವಾಯಿತು. ಹೊತ್ತು ಇಳಿಯುತ್ತಿತ್ತು. ಖಾನ್‌ಗೆ ಗಡಿಯ ಸಾಲು ಬೆಳೆಯುವ ಮೊದಲು ದಾಟಬೇಕು. ಶಿವಾನಂದ ಮೂರು ತಾಸಿನಲ್ಲಿ ಜೋಡಿಸಿದ್ದನ್ನು ಹಮಾಲರು ಅರ್ಧ ತಾಸಿನಲ್ಲಿ ತುರುಕಿದರು. ಹಗ್ಗ ಬಿಗಿದು ನೋಡಿದರೆ ಊಟದ ಮೇಜು, ನಾಲ್ಕು ಕುರ್ಚಿ ಹೊರಗೇ ಉಳಿದಿದ್ದವು. ಮೇಲೆ ಕಟ್ಟೋಣ ಎಂದ ಶಿವಾನಂದ. ಗಾಳಿಗೆ ಟ್ರೇಲರ್ ಮಗುಚುತ್ತದೆ ಎಂದ ಖಾನ್.

ನಾನು ಎದ್ದೆ. “ಎಲ್ಲಾ ಇಳಸ್ರಿ, ಮೊದಲಿಂದ ತುಂಬ್ರಿ,” ಎಂದು ಹಮಾಲರಿಗೆ ಕನ್ನಡದಲ್ಲಿ ಕೂಗಿದೆ. ಖಾನ್‌ಗೆ ನನ್ನ ಪೋಸ್ಟಾಫೀಸಿನ ಹಿಂದಿಯಲ್ಲಿ, ಒಂದು ಕುರ್ಚಿ ಇಲ್ಲಿ ಉಳಿದರೂ ನಿನ್ನ ಗಾಡಿಯ ಮುಂದೆ ಮಲಗುತ್ತೇನೆ ಎಂದೆ. ಹಮೀದ್ ಭಾಯಿ ತಮ್ಮ ಕಾರಿನ ಡಿಕ್ಕಿ ತೆರೆದು ಅಳೆದು ನೋಡುತ್ತಿದ್ದರು.

ಗಿರಿಜಾ ಹಮಾಲರಲ್ಲಿ ಹಿರಿಯನಾದವನನ್ನು ಹಿಂದಿಯಲ್ಲಿ ಏನೋ ಕೇಳುತ್ತಿದ್ದಳು. ಅವನು ಬೇಲಿಯ ಪಕ್ಕದ ಒಂದು ತಗಡಿನ ಕೋಣೆ ತೋರಿಸಿದ. ನೆಲದ ಮೇಲೆ ಪೇಪರು ಹಾಸಿ ಊಟ ಮಾಡುತ್ತೇವೆ ದೀದಿ, ಎಂಟು ಜನ ಇದ್ದೇವೆ ಎಂದ.

“ಈ ಟೇಬಲ್ಲು ಕುರ್ಚಿ ನೀವು ತಗೊಳ್ರಿ,” ಎಂದಳು ಅವಳು. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ.

“ಗಿರಿಜಾ! ಹುಚ್ಚು ಹಿಡದೈತೇನು? ತುಂಬಸ್ತೀನಿ ನಾನು, ನಿಂದ್ರು,” ಎಂದೆ.

“ಬ್ಯಾಡ ಅಕ್ಕಾ. ಅವತ್ತ ನನ್ನ ಯಾರೂ ಕೇಳಲಿಲ್ಲ. ಇವತ್ತ ನಾನs ಕೊಡಾಕತ್ತೀನಿ.”

ಇಬ್ಬರು ಹಮಾಲರು ಮೇಜನ್ನು ತಲೆಕೆಳಗಾಗಿ ಹೊತ್ತು ತಗಡಿನ ಕೋಣೆಯ ಕಡೆ ನಡೆದರು. ಅವರು ಬಾಗಿಲಲ್ಲಿ ಅದನ್ನು ಓರೆ ಮಾಡಿ ಒಳಗೆ ತೂರಿಸುವವರೆಗೂ ಅವಳು ನೋಡುತ್ತ ನಿಂತಳು. ಆಮೇಲೆ ಗಂಡನ ಜೇಬಿನಿಂದ ಪೆನ್ನು ತೆಗೆದು, ಕಾರಿನ ಬಾನೆಟ್ ಮೇಲೆ ಪಟ್ಟಿ ಹರಡಿ, ಊಟದ ಮೇಜು, ಕುರ್ಚಿ ನಾಲ್ಕು ಎಂದಿದ್ದ ಸಾಲನ್ನು ಹುಡುಕಿದಳು. ಅಲ್ಲಿ ಬರೆದಿದ್ದ ಕಿಲೋದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ‘ಕೊಟ್ಟೆ’ ಎಂದು ಬರೆದಳು.